ಮರಗಟ್ಟಿಸೋ ಮದ್ದು ಕ್ರಿಮಿ ಕೊಲ್ಲುತ್ತಾ?

ಹೋದ ಡಿಸೆಂಬರ್‌ನಲ್ಲಿ ಬಂಡೀಪುರದಿಂದ ವಾಪಸ್ ಬರ್ತಾ ಬೈಕ್ ಸ್ಕಿಡ್ ಆಯ್ತು. ಗುಂಡ್ಲುಪೇಟೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಮೊಣಕೈಗೆ ನಾಲ್ಕು ಹೊಲಿಗೆ. ರಬ್ಬರ್ ಮುಚ್ಚಳದ ತುಂಬ ಸೂಜಿ ಗುರುತಿದ್ದ ಲಿಗ್ನೊಕೇನ್ ಬಾಟಲಿಗೇ ಮತ್ತೆ ಸೂಜಿ ಇಳಿಸಿದ್ರು. "ಸಾರ್, ಇದು ಕ್ಲೀನಾ?" ಅಂದೆ. "ಏನೂ ಆಗಲ್ಲ ಬಿಡಪ್ಪ, ಆ ಮದ್ದೇ ಕ್ರಿಮಿ ಸಾಯಿಸುತ್ತೆ" ಅಂದ್ರು. ನಾನು ಬಿ.ಕಾಂ. ಓದಿದವನು, ಸುಮ್ಮನಾದೆ. ಆಮೇಲೆ ಓದಿ ನೋಡಿದ್ರೆ, ಅವರು ಹೇಳಿದ್ದು ಅರ್ಧ ನಿಜ.

ಇತಿಹಾಸದಿಂದ ಶುರು ಮಾಡೋಣ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್, ಕೊಕೇನ್ ಹನಿ ಹಾಕಿದ್ರೆ ಕಣ್ಣು ಮರಗಟ್ಟುತ್ತೆ ಅಂತ ತೋರಿಸಿದ. ಆದ್ರೆ ಕೊಕೇನ್ ದ್ರಾವಣವನ್ನ ಕುದಿಸಿದ್ರೆ ಶಕ್ತಿ ಹೋಗ್ತಿತ್ತು, ಕುದಿಸದೆ ಇಟ್ರೆ ಬೂಷ್ಟು ಬೆಳೀತಿತ್ತು. ಅಂದ್ರೆ ಮದ್ದು ತನ್ನನ್ನ ತಾನೇ ಕಾಪಾಡಿಕೊಳ್ಳಲ್ಲ ಅನ್ನೋದು ಆಗಲೇ ಗೊತ್ತಾಗಿತ್ತು. 1905ರಲ್ಲಿ ಬಳಕೆಗೆ ಬಂದ ನೊವೊಕೇನ್ ಕುದಿತ ತಡೆದುಕೊಳ್ತು. 1943ರಲ್ಲಿ ಸ್ವೀಡನ್‌ನಲ್ಲಿ ನಿಲ್ಸ್ ಲೊಫ್‌ಗ್ರೆನ್ ತಯಾರಿಸಿದ ಲಿಗ್ನೊಕೇನ್ ಇನ್ನೂ ಗಟ್ಟಿ.

ನಮ್ಮ ಕಡೆಯದೂ ಒಂದು ಎಳೆ ಇದೆ. ಬಂಡೀಪುರ ದಾಟಿ ಗೂಡಲೂರಿನಿಂದ ಘಾಟ್ ಹತ್ತಿದ್ರೆ ನಡುವಟ್ಟಂ ಸಿಗುತ್ತೆ. 1860ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಸಿಂಕೋನಾ ಬೆಳೆಸಿದ್ರು. ಅದರ ತೊಗಟೆಯ ಕ್ವಿನೈನ್ ಮಲೇರಿಯಾ ಕ್ರಿಮಿಯನ್ನೂ ಕೊಲ್ಲುತ್ತೆ. 20ನೇ ಶತಮಾನದ ಆರಂಭದಲ್ಲಿ ಕೆಲವರು ಅದನ್ನೇ ಮರಗಟ್ಟಿಸೋ ಇಂಜೆಕ್ಷನ್ ಆಗಿಯೂ ಬಳಸಿದ್ರು.

ಈಗ ಟೆಂಪರೇಚರ್ ವಿಷಯ. ಇದೇ ಗುಂಪಿನ ಬುಪಿವಕೇನ್ ಮದ್ದನ್ನ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದಾಗ, ಮೈ ಬಿಸಿಯಷ್ಟು, ಅಂದ್ರೆ 37 ಡಿಗ್ರಿಯಲ್ಲಿ ಚರ್ಮದ ಬ್ಯಾಕ್ಟೀರಿಯಾ ಚೆನ್ನಾಗಿ ಸತ್ವು. ರೂಮಿನ ತಣ್ಣನೆಯಲ್ಲಿ ಆ ಏಟು ಬೀಳಲಿಲ್ಲ. ಬ್ಯಾಕ್ಟೀರಿಯಾದ ಹೊರಪೊರೆಗೆ ನುಗ್ಗಿ ಹಾಳು ಮಾಡೋದೇ ಈ ಮದ್ದುಗಳ ಕೆಲಸ. ಚಳಿಗೆ ಪೊರೆ ಬಿಗಿಯಾಗುತ್ತೆ, ಪೊರೆ ದಾಟಬಲ್ಲ ರೂಪದ ಮದ್ದೂ ಕಮ್ಮಿಯಾಗುತ್ತೆ.

ಹಾಗಾಗಿ ಲೆಕ್ಕ ಉಲ್ಟಾ. ಕ್ರಿಮಿ ಸಾಯಬೇಕಾದ ಜಾಗ ಬಾಟಲಿ, ಅಲ್ಲಿ ಮದ್ದು ಸಪ್ಪೆ. ಅದರಲ್ಲೂ ಡಿಸೆಂಬರ್‌ನ ಗುಂಡ್ಲುಪೇಟೆ ಚಳಿ! ಗಾಯದ ಒಳಗೆ ಮಾತ್ರ ಮದ್ದು ಚುರುಕು. ಅಲ್ಲಿಂದ ಕಲ್ಚರ್ ಟೆಸ್ಟಿಗೆ ಸ್ಯಾಂಪಲ್ ತೆಗೆಯೋದಿದ್ರೆ ಅದೇ ತೊಂದರೆ, ಕ್ರಿಮಿ ಇದ್ದರೂ ರಿಪೋರ್ಟ್‌ನಲ್ಲಿ ಏನೂ ಬೆಳೆದಿಲ್ಲ ಅಂತ ಬರಬಹುದು.

ಮೊನ್ನೆ ಮೆಡಿಕಲ್ ಸ್ಟೋರ್‌ನಲ್ಲಿ 30 ಮಿಲಿಯ ಲಿಗ್ನೊಕೇನ್ ಬಾಟಲಿ ಕೇಳಿ ಲೇಬಲ್ ಓದಿದೆ. ಮದ್ದಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಹೆಸರಿತ್ತು: ಮೀಥೈಲ್‌ಪ್ಯಾರಾಬೆನ್. ಕ್ರಿಮಿ ಬೆಳೆಯದಿರಲಿ ಅಂತ ಕಂಪನಿಯವರೇ ಬೇರೆಯಾಗಿ ಹಾಕಿರೋದು.