ಏರಿಯ ಮೇಲಿನ ದಾರಿ: ನೆಲಮಂಗಲದ ಕೆರೆಗಳ ಸುತ್ತ ನಡಿಗೆ

ಬೆಂಗಳೂರಿನಿಂದ ಪಡುವಣಕ್ಕೆ ಹೊರಟ ಹೆದ್ದಾರಿ ನೆಲಮಂಗಲದಲ್ಲಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರಿನ ಕಡೆಗೆ, ಇನ್ನೊಂದು ಕುಣಿಗಲ್, ಹಾಸನದ ಮೇಲೆ ಮಂಗಳೂರಿಗೆ. ಹಗಲಿರುಳು ಲಾರಿಗಳ ಸದ್ದು ಕೇಳುವ ಇಂಥ ಊರಿನಲ್ಲಿ ಬೆಳಗಿನ ಹೊತ್ತು ಗಾಡಿಗಳ ಭಯವಿಲ್ಲದೆ ನಡೆದಾಡಲು ಕೆರೆ ಏರಿಯಂಥ ಜಾಗ ಬೇರೆ ಸಿಗುವುದು ಕಷ್ಟ. ಕೆರೆಗಳ ಸುತ್ತ ನಡಿಗೆ ದಾರಿ ಬೇಕೆಂಬ ಬೇಡಿಕೆ ಎಲ್ಲ ಕಡೆ ಕೇಳಿಬರುತ್ತಿರುವುದು ಒಳ್ಳೆಯದೇ. ಆದರೆ ಆ ದಾರಿ ಕೆರೆಯ ಯಾವ ಭಾಗದಲ್ಲಿ ಬಂದರೆ ಒಳಿತು, ಯಾವ ಭಾಗದಲ್ಲಿ ಬಂದರೆ ಕೆರೆಗೇ ಮುಳುವು ಎಂಬುದನ್ನು ತಿಳಿಯಲು ಮೊದಲು ಕೆರೆ ಏನೆಂದು ತಿಳಿಯಬೇಕು.

ಮನುಷ್ಯ ಕಟ್ಟಿದ ನೀರು

ನಗರದ ಅಂಚಿನ ನೀರನ್ನು ಕಂಡವರು ಅದನ್ನು ನೈಸರ್ಗಿಕ ಸರೋವರ ಎಂದುಕೊಳ್ಳುವುದುಂಟು. ಈ ಸೀಮೆಯಲ್ಲಿ ಅಂಥದ್ದು ಇಲ್ಲವೆಂದೇ ಹೇಳಬೇಕು. ಬಯಲುಸೀಮೆಯ ಕೆರೆಗಳೆಲ್ಲ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ಮಳೆನೀರು. ಕರ್ನಾಟಕದಲ್ಲಿ ಇಂಥ ಕೆರೆಗಳು 36 ಸಾವಿರಕ್ಕೂ ಹೆಚ್ಚು.

ನೆಲಮಂಗಲ ಸೀಮೆಗೆ ಈ ವಿದ್ಯೆ ಹಳೆಯದು. ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಯ ಮಣ್ಣೆ ಎಂಟನೆಯ ಶತಮಾನದಲ್ಲಿ ಮಾನ್ಯಪುರ ಎಂಬ ಹೆಸರಿನಿಂದ ಗಂಗರ ರಾಜಧಾನಿಯಾಗಿತ್ತು. ಗಂಗ ದೊರೆ ಶ್ರೀಪುರುಷನ ಹೆಸರು ಅದರೊಂದಿಗೆ ಸೇರಿಕೊಂಡಿದೆ. ಕೆರೆ ಕಟ್ಟಿದವರಿಗೂ ಅದನ್ನು ನೋಡಿಕೊಳ್ಳುವವರಿಗೂ ಭೂಮಿ ಬಿಟ್ಟುಕೊಡುವ ಬಿತ್ತುವಟ್ಟ, ಕೆರೆಗೊಡಗೆಯಂಥ ದತ್ತಿಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕಟ್ಟಿದರೆ ಸಾಲದು, ವರ್ಷ ವರ್ಷ ನೋಡಿಕೊಳ್ಳಬೇಕೆಂಬ ತಿಳಿವಳಿಕೆ ಅಂದೇ ಇತ್ತು.

ಕೆರೆಯ ಮೈಕಟ್ಟು

ತಗ್ಗಿನ ಕಡೆ ಏರಿ. ಏರಿಯ ಒಳಮೈಗೆ ಅಲೆ ಹೊಡೆದು ಮಣ್ಣು ಜರಿಯದಂತೆ ಕಲ್ಲು ಕಟ್ಟಿರುತ್ತಾರೆ. ಏರಿಗೆ ತಾಗಿದಂತೆ ನೀರು ಆಳ, ಅಲ್ಲೇ ತೂಬು. ಹಳೆಯ ತೂಬುಗಳಲ್ಲಿ ಎರಡು ಕಲ್ಲುಕಂಬ ನೆಟ್ಟು ಅಡ್ಡ ಕಲ್ಲುಗಳನ್ನು ಹಾಯಿಸಿ, ಅವುಗಳ ರಂಧ್ರದಲ್ಲಿ ಉದ್ದನೆಯ ಗಳು ಇಳಿಬಿಟ್ಟು ತಳದ ಬಾಯಿ ಮುಚ್ಚುವ ಏರ್ಪಾಡು ಇರುತ್ತದೆ. ತೂಬು ಎತ್ತಿದರೆ ನೀರು ಏರಿಯ ಕೆಳಗಿಂದ ಹಾದು ಅಚ್ಚುಕಟ್ಟಿನ ಗದ್ದೆ, ತೋಟಗಳಿಗೆ ಹೋಗುತ್ತದೆ. ಏರಿಯ ಒಂದು ತುದಿಯಲ್ಲಿ ಕೋಡಿ. ಕೆರೆ ತುಂಬಿ ಕೋಡಿ ಬಿದ್ದರೆ ಹೆಚ್ಚಿದ ನೀರು ಕೆಳಗಿನ ಊರಿನ ಕೆರೆಗೆ ಹರಿಯುತ್ತದೆ. ಹೀಗೆ ಕೆರೆಯಿಂದ ಕೆರೆಗೆ ಸರಪಳಿ.

ಈ ಭಾಗದ ಸರಪಳಿಗಳು ದೂರದವರೆಗೆ ಹೋಗುತ್ತವೆ. ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ನೆಲಮಂಗಲ, ಮಾಗಡಿ ತಾಲ್ಲೂಕುಗಳನ್ನು ಹಾದು ತಿಪ್ಪಗೊಂಡನಹಳ್ಳಿ ಜಲಾಶಯ ಸೇರುತ್ತದೆ. ನಂದಿಬೆಟ್ಟದ ಅರ್ಕಾವತಿ ಹೆಸರಘಟ್ಟದ ಮೇಲೆ ಅಲ್ಲಿಗೇ ಬರುತ್ತದೆ. 1930ರ ದಶಕದಲ್ಲಿ ಕಟ್ಟಿದ ಆ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ನೆಲಮಂಗಲದ ಒಂದು ರಾಜಕಾಲುವೆಗೆ ಕಟ್ಟಡದ ಅವಶೇಷ ಸುರಿದರೆ ಅದರ ಲೆಕ್ಕ ಆ ಊರಿನಲ್ಲೇ ಮುಗಿಯುವುದಿಲ್ಲ.

ಏರಿಯ ಎದುರು ದಿಕ್ಕಿನಲ್ಲಿ ಕೆರೆ ಅಂಗಳ. ನಡಿಗೆ ದಾರಿಯ ಮಾತು ಬಂದಾಗ ಎಲ್ಲರೂ ಮರೆಯುವುದು ಇದನ್ನೇ. ಇಲ್ಲಿ ಕೆರೆಗೆ ದಂಡೆ ಎಂಬುದಿಲ್ಲ. ನೆಲ ಸಣ್ಣಗೆ ಇಳಿಜಾರಾಗಿ ನೀರಿನೊಳಗೆ ಸೇರಿಹೋಗುತ್ತದೆ. ಹಿಂಗಾರಿನ ಹೊತ್ತಿಗೆ ಮೊಣಕಾಲುದ್ದ ನೀರಿರುವ ಕಡೆ ಯುಗಾದಿಯ ಹೊತ್ತಿಗೆ ದನ ಮೇಯುತ್ತವೆ. ಬೇಸಿಗೆಯಲ್ಲಿ ರೈತರು ಗೋಡು ತುಂಬಿಕೊಂಡು ಹೊಲಕ್ಕೆ ಹೊಡೆಯುವುದೂ ಇಲ್ಲಿಂದಲೇ. ನೀರಿನ ಅಂಚು ವರ್ಷಕ್ಕೊಮ್ಮೆ ಹಿಂದೆ ಮುಂದೆ ಸರಿಯುವುದೇ ಕೆರೆಯ ಉಸಿರಾಟ.

ದಾರಿ ಎಲ್ಲಿ ಬೇಕು, ಎಲ್ಲಿ ಬೇಡ

ಕೆರೆ ಅಭಿವೃದ್ಧಿ ಎಂದರೆ ಸುತ್ತಲೂ ದುಂಡಗೆ ಏರಿ ಎಬ್ಬಿಸಿ, ಅದರ ಮೇಲೆ ಇಂಟರ್‌ಲಾಕ್ ಕಲ್ಲು ಹಾಸಿ, ಬೇಲಿ ಹಾಕಿ, ದೀಪದ ಕಂಬ ನೆಡುವುದು ಎಂಬ ಮಾದರಿ ಬೆಂಗಳೂರಿನಲ್ಲಿ ಬೆಳೆಯಿತು. ನೋಡಲು ಅಚ್ಚುಕಟ್ಟು. ಆದರೆ ಅಂಗಳದ ಕಡೆ ಎತ್ತರಿಸಿದ ದಾರಿಯೇ ಕೆರೆಗೆ ಬರುವ ನೀರನ್ನು ತಡೆಯುತ್ತದೆ. ಮಳೆನೀರು ರಾಜಕಾಲುವೆಯಲ್ಲಿ ಮಾತ್ರ ಬರುವುದಿಲ್ಲ, ಹೊಲಗಳ ಮೇಲೆ ಹರಡಿಕೊಂಡು ತೆಳುವಾಗಿಯೂ ಬರುತ್ತದೆ. ಅದಕ್ಕೆ ಎರಡು ಮೂರು ಕೊಳವೆ ಇಟ್ಟರೆ ಸಾಲದು. ಜೊತೆಗೆ, ಒಳಗಿನ ಮಣ್ಣು ತೋಡಿ ಅಂಚಿಗೆ ಹಾಕಿದಾಗ ಕೆರೆ ಬಟ್ಟಲಿನಂತಾಗುತ್ತದೆ. ಗೇಣುದ್ದ ನೀರಿನಲ್ಲಿ ನಡೆದು ಮೇಯುವ ಕೊಕ್ಕರೆ, ಬೆಳ್ಳಕ್ಕಿ, ಉಲ್ಲಂಕಿಗಳಿಗೆ ಕಾಲಿಡಲು ಜಾಗ ಉಳಿಯುವುದಿಲ್ಲ.

ಆದ್ದರಿಂದ ನಡಿಗೆ ದಾರಿ ಮೊದಲಿಗೆ ಏರಿಯ ಮೇಲೆ ಇರಲಿ. ಅದು ನಡೆದಾಡಲು ತಕ್ಕ ಗಟ್ಟಿಯಾದ ನೆಲ. ಮೊರಮ್ಮು ಹಾಕಿ ಅದುಮಿದರೆ ಸಾಕು, ಸಿಮೆಂಟು ಬೇಡ. ಏರಿಯ ಮೈಮೇಲೆ ಆಲ, ಅರಳಿಯಂಥ ದೊಡ್ಡ ಮರ ನೆಡುವುದೂ ಬೇಡ. ಆಳಕ್ಕಿಳಿದ ಬೇರು ಒಣಗಿದರೆ ಅದರ ಜಾಡಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ನೆರಳಿಗೆ ಹೊಂಗೆ, ನೇರಳೆ ಬೇಕಾದರೆ ಏರಿಯಿಂದ ದೂರ, ಕೆರೆಯ ಗಡಿಯಲ್ಲಿ ಬೆಳೆಸಬಹುದು. ಅಂಗಳದ ಕಡೆಗೆ ಹೋಗಬೇಕೆನಿಸಿದವರಿಗೆ ನೆಲಮಟ್ಟದ ಕಾಲುದಾರಿ ಸಾಕು. ಮಳೆಗಾಲದಲ್ಲಿ ಅದು ಮುಳುಗಿದರೆ ಮುಳುಗಲಿ. ಸುತ್ತು ಪೂರ್ತಿಯಾಗಲೇಬೇಕೆಂಬ ಹಟ ನಡೆಯುವವರಿಗೆ ಬೇಡ. ಏರಿಯ ತುದಿ ಮುಟ್ಟಿ ತಿರುಗಿ ಬಂದರೂ ಅದು ನಡಿಗೆಯೇ.

ಎಲ್ಲೆಲ್ಲಿ ನಡೆಯಬಹುದು

ನೆಲಮಂಗಲಕ್ಕೆ ಸೇರಿಕೊಂಡಂತಿರುವ ಬಿನ್ನಮಂಗಲದಿಂದ ಆರಂಭಿಸುವುದು ಚೆನ್ನ. ಅಲ್ಲಿಯ ಮುಕ್ತಿನಾಥೇಶ್ವರ ದೇವಾಲಯ ಚೋಳರ ಕಾಲದ್ದು. ಗುಡಿ ನೋಡಿ ಕೆರೆಯ ಕಡೆ ಹೆಜ್ಜೆ ಹಾಕಿದರೆ ಊರು, ಗುಡಿ, ನೀರು ಮೂರೂ ಒಂದೇ ಬೆಳಿಗ್ಗೆಗೆ ಸಿಗುತ್ತವೆ.

ಸ್ವಲ್ಪ ದೂರ ಹೋಗಬಲ್ಲವರಿಗೆ ಹೆಸರಘಟ್ಟ. ಬೆಂಗಳೂರಿಗೆ ಕೊಳವೆಯಲ್ಲಿ ನೀರು ಕೊಡಲು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಅದು. ಸೋಲದೇವನಹಳ್ಳಿಯ ಪಂಪ್‌ಹೌಸ್ ಮೂಲಕ ಆ ನೀರು ನಗರ ಸೇರುತ್ತಿತ್ತು. ಏರಿ ಒಂದೂವರೆ ಕಿಲೋಮೀಟರಿಗೂ ಉದ್ದ. ಪಕ್ಕದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಹುಲ್ಲುಗಾವಲನ್ನು ಪಾಳು ಭೂಮಿ ಎಂದುಕೊಂಡು ಬೈಕು, ಜೀಪು ಓಡಿಸುವುದು ದೊಡ್ಡ ಅನ್ಯಾಯ. ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗಳ ಮನೆ ಅದು.

ಇತಿಹಾಸದ ಮೇಲೆ ಪ್ರೀತಿಯಿರುವವರು ಮಣ್ಣೆಗೆ ಹೋಗಲಿ. ಕಪಿಲೇಶ್ವರ, ಸೋಮೇಶ್ವರ ಗುಡಿಗಳ ಮಧ್ಯೆ ಒಂದು ರಾಜಧಾನಿ ಹಳ್ಳಿಯಾಗಿ ಉಳಿದಿದೆ.

ಹೊತ್ತು ಮತ್ತು ಎಚ್ಚರ

ಈ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕೆರೆ ನೋಡಲು ನವೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ವಲಸೆ ಬಾತುಗಳೂ ಆಗಲೇ ಬರುತ್ತವೆ. ಕೋಡಿಯ ಮೇಲೆ ನೀರು ಹರಿಯುವಾಗ ದಾಟಬೇಡಿ. ಪಾಚಿಗಟ್ಟಿದ ಕಲ್ಲು ಕಾಲು ನಿಲ್ಲಗೊಡುವುದಿಲ್ಲ. ಸಂಜೆಗತ್ತಲಲ್ಲಿ ಏರಿಯ ಹುಲ್ಲಿನಲ್ಲಿ ಹಾವುಗಳಿರುತ್ತವೆ, ಟಾರ್ಚ್ ಇರಲಿ.

ನೀರಗಂಟಿಯ ಕಣ್ಣು

ಏರಿಯ ಮೇಲೆ ದಿನವೂ ನಡೆಯುವುದು ಒಂದು ಕಾಲದಲ್ಲಿ ಕೆಲಸವಾಗಿತ್ತು, ನೀರಗಂಟಿಯ ಕೆಲಸ. ತೂಬು ಎತ್ತಿ ಇಳಿಸುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಆತನ ಹೊಣೆ. ಮಳೆ ಬಿದ್ದ ರಾತ್ರಿ ಏರಿಯ ಉದ್ದಕ್ಕೂ ಓಡಾಡಿ ಇಲಿ ಬಿಲ, ಏಡಿ ಬಿಲಗಳನ್ನು ಹುಡುಕಿ ಮುಚ್ಚುವುದೂ ಆತನದೇ. ಕೊಳವೆಬಾವಿ ಬಂದ ಮೇಲೆ ಅಚ್ಚುಕಟ್ಟು ಸೊರಗಿತು, ನೀರಗಂಟಿಯ ಕಸುಬೂ ಹೋಯಿತು.

ಕಳೆದ ಹಿಂಗಾರಿನಲ್ಲಿ ಒಂದು ಏರಿಯ ಮೇಲೆ ನಡೆಯುತ್ತಿದ್ದಾಗ ಹೊರಮೈಯ ಬುಡದಲ್ಲಿ ಒಂದು ಚಾಪೆಯಷ್ಟು ಜಾಗದ ಹುಲ್ಲು ಮಾತ್ರ ಗಾಢ ಹಸಿರಾಗಿ ಕಂಡಿತು. ಇಳಿದು ಕೈಯಿಟ್ಟರೆ ಮಣ್ಣು ಒದ್ದೆ. ನನ್ನ ಜೊತೆಗಿದ್ದ ಹಿರಿಯರು ಒಸರಿದ ನೀರನ್ನು ಅಂಗೈಗೆ ತೆಗೆದುಕೊಂಡು ದಿಟ್ಟಿಸಿದರು. “ತಿಳಿಯಾಗಿದೆ ಕಣಪ್ಪ, ಸದ್ಯಕ್ಕೆ ಭಯ ಇಲ್ಲ. ಕೆಂಪಗೆ ಬಂತು ಅಂದ್ರೆ ಏರಿ ಮಣ್ಣು ತಿಂತಾ ಐತೆ ಅಂತ ಲೆಕ್ಕ,” ಎಂದರು. ಅಣೆಕಟ್ಟಿನ ಎಂಜಿನಿಯರುಗಳೂ ಜಿನುಗು ನೀರಿನ ಬಣ್ಣವನ್ನೇ ಮೊದಲು ನೋಡುತ್ತಾರೆ.

ಕಾನೂನಿನ ಮಾತು ಚಿಕ್ಕದು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಸುಪರ್ದಿನಲ್ಲಿ, ಅದಕ್ಕೂ ದೊಡ್ಡವು ಸಣ್ಣ ನೀರಾವರಿ ಇಲಾಖೆಯಲ್ಲಿ. ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. ಒತ್ತುವರಿ ತಡೆಯಲು ಕಾಗದದ ಮೇಲಿನ ಮೀಟರುಗಳಿಗಿಂತ ದಿನವೂ ಅಲ್ಲಿ ಓಡಾಡುವ ಜನರೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆಂಬುದು ನನ್ನ ನಂಬಿಕೆ.

ನಾಳೆ ಏರಿಯ ಮೇಲೆ ಹೋದಾಗ ನೀರಿನ ಕಡೆ ನೋಡಿದಷ್ಟೇ ಹೊರಮೈಯ ಬುಡವನ್ನೂ ನೋಡಿ. ಅಲ್ಲಿ ಕೆಂಪು ನೀರು ಒಸರುತ್ತಿದ್ದರೆ ಅಂದೇ ಪಂಚಾಯಿತಿಗೋ ತಾಲ್ಲೂಕು ಕಚೇರಿಗೋ ತಿಳಿಸಿ.