ಡಿಸ್ನಿಯ ಹುಚ್ಚು, ಶುಕ್ರವಾರದ ಪಂಚಾಂಗ

ಶುಕ್ರವಾರ ಸಂಜೆ ಆಗೋಷ್ಟರಲ್ಲಿ ನಮ್ಮಂಥ ಚಾನೆಲ್‌ಗಳು ಸಿನಿಮಾದ ಜಾತಕ ಬರೆದು ಮುಗಿಸಿರ್ತವೆ. ಓಪನಿಂಗ್ ಎಷ್ಟು, ಎಷ್ಟು ಶೋ ಹೌಸ್‌ಫುಲ್, ಗೆದ್ದಿತೋ ಮಲಗಿತೋ. ಸ್ಟಾರ್ ಸಿನಿಮಾ ಆದರೆ ಈ ಜಾತಕ ಹೆಚ್ಚುಕಮ್ಮಿ ಸರಿಹೋಗುತ್ತೆ. ಆದರೆ ಮನೆಮಂದಿಯೆಲ್ಲ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಅನಿಮೇಷನ್ ಚಿತ್ರ ಇದೆಯಲ್ಲ, ಅಲ್ಲಿ ಪಂಡಿತರ ಪಂಚಾಂಗ ಪದೇ ಪದೇ ಕೈಕೊಟ್ಟಿದೆ. ಇವತ್ತು ನಿನ್ನೆಯ ಮಾತಲ್ಲ, 1937ರಿಂದಲೂ.

ಆಗ ಹಾಲಿವುಡ್‌ನಲ್ಲಿ ಕಾರ್ಟೂನ್ ಅಂದರೆ ದೊಡ್ಡ ಸಿನಿಮಾಕ್ಕೆ ಮುಂಚೆ ತೋರಿಸುವ ಏಳೆಂಟು ನಿಮಿಷದ ತಮಾಷೆ. ಮಿಕ್ಕಿ ಮೌಸ್‌ನಿಂದ ಹೆಸರು ಮಾಡಿದ್ದ ವಾಲ್ಟ್ ಡಿಸ್ನಿ, ಸ್ನೋವೈಟ್ ಮತ್ತು ಏಳು ಕುಳ್ಳರ ಕಥೆಯನ್ನು ಪೂರ್ತಿ ಉದ್ದದ ಸಿನಿಮಾ ಮಾಡ್ತೀನಿ ಅಂತ ಹೊರಟ. ಒಂದೂಕಾಲು ಗಂಟೆ ಮೇಲೆ ಕುಳಿತು ಬಣ್ಣದ ಗೊಂಬೆ ಚಿತ್ರ ನೋಡೋರು ಯಾರು? ಬೇಡ ಅಂದವರಲ್ಲಿ ಹೆಂಡತಿ ಲಿಲಿಯನ್ ಇದ್ದಳು, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಅಣ್ಣ ರಾಯ್ ಇದ್ದ. ಊರೆಲ್ಲ ಅದಕ್ಕೆ 'ಡಿಸ್ನಿಯ ಹುಚ್ಚು' ಅಂತಲೇ ಹೆಸರಿಟ್ಟಿತು.

ಸುಮಾರು 2.5 ಲಕ್ಷ ಡಾಲರ್‌ನಲ್ಲಿ ಮುಗಿಯುತ್ತೆ ಅಂದುಕೊಂಡಿದ್ದ ಖರ್ಚು 15 ಲಕ್ಷದ ಹತ್ತಿರ ಹೋಯಿತು. ಮನೆ ಅಡ ಇಟ್ಟ. ಅದೂ ಸಾಲಲಿಲ್ಲ. ಬ್ಯಾಂಕ್ ಆಫ್ ಅಮೆರಿಕದ ಜೋಸೆಫ್ ರೋಸೆನ್‌ಬರ್ಗ್‌ಗೆ ಅರೆಬರೆ ಸಿನಿಮಾ ತೋರಿಸಬೇಕಾಯಿತು. ಎಷ್ಟೋ ಕಡೆ ಬರೀ ಪೆನ್ಸಿಲ್ ಚಿತ್ರ. ಅಲ್ಲೆಲ್ಲ ಡಿಸ್ನಿಯೇ ಪಾತ್ರಗಳ ಮಾತು ಹೇಳಿ ತುಂಬಿಸಿದನಂತೆ. ಆತನೇ ಮುಂದೆ ಹೇಳಿಕೊಂಡ ಪ್ರಕಾರ, ಬ್ಯಾಂಕಿನವ ಸಿನಿಮಾ ನೋಡುವಾಗ ತುಟಿ ಪಿಟಕ್ ಅನ್ನಲಿಲ್ಲ. ಕಾರು ಹತ್ತುವ ಹೊತ್ತಿಗೆ, ಇದು ದುಡ್ಡು ಮಾಡುತ್ತೆ ಅಂದುಬಿಟ್ಟ. ಇಡೀ ಕಥೆಯಲ್ಲಿ ಸರಿಯಾದ ಭವಿಷ್ಯ ನುಡಿದವನು ಆ ಬ್ಯಾಂಕಿನ ಮನುಷ್ಯ, ನೋಡಿ! 1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಪ್ರದರ್ಶನ. ಮೊದಲ ಸುತ್ತಿನಲ್ಲೇ ಸುಮಾರು 80 ಲಕ್ಷ ಡಾಲರ್ ಬಂತು. ಅದೂ ಮಕ್ಕಳ ಟಿಕೆಟ್ ಪುಡಿಗಾಸಿಗೆ ಸಿಗುತ್ತಿದ್ದ ಕಾಲದಲ್ಲಿ.

ಸರಿ, ಗುಟ್ಟು ಸಿಕ್ಕಿತಲ್ಲ ಅಂತ ಎಲ್ಲರೂ ಅಂದುಕೊಂಡರು. 1940ರಲ್ಲಿ ಪಿನೋಕಿಯೋ ಬಂತು, ಫ್ಯಾಂಟೇಸಿಯಾ ಬಂತು. ಸ್ನೋವೈಟ್‌ಗಿಂತ ಹೆಚ್ಚು ದುಡ್ಡು ಸುರಿದಿದ್ದರು. ಎರಡೂ ನಷ್ಟ. ಹಿಟ್ಲರ್ ಪೋಲೆಂಡಿಗೆ ನುಗ್ಗಿದ ಮೇಲೆ ಯುರೋಪಿನ ಥಿಯೇಟರ್‌ಗಳ ದುಡ್ಡೇ ನಿಂತುಹೋಗಿತ್ತು. ಯಾವ ಟ್ರೇಡ್ ಪಂಡಿತ ಅದನ್ನು ಲೆಕ್ಕ ಹಾಕ್ತಾನೆ? ಕೊನೆಗೆ ಕೈ ಹಿಡಿದದ್ದು 1941ರಲ್ಲಿ ಕಡಿಮೆ ಖರ್ಚಿನಲ್ಲಿ ತೆಗೆದ, ದೊಡ್ಡ ಕಿವಿಯ ಆನೆಮರಿ ಡಂಬೋ.

ಹೊರಗಿನವರು ತಪ್ಪಿದರು ಅನ್ನೋಣ. ಒಳಗಿನವರು? 1990ರ ದಶಕದ ಆರಂಭದಲ್ಲಿ ಅದೇ ಡಿಸ್ನಿ ಸ್ಟುಡಿಯೋದಲ್ಲಿ ಎರಡು ಚಿತ್ರಗಳ ಕೆಲಸ ಒಟ್ಟಿಗೆ ನಡೆದಿತ್ತು. ಮುಖ್ಯಸ್ಥ ಜೆಫ್ರಿ ಕಾಟ್ಜೆನ್‌ಬರ್ಗ್‌ಗೆ ಪೊಕಾಹಾಂಟಸ್ ಮೇಲೆ ಪೂರ್ತಿ ನಂಬಿಕೆ. ಅನುಭವಿ ಕಲಾವಿದರಲ್ಲಿ ಅನೇಕರು ಅದನ್ನೇ ಆರಿಸಿಕೊಂಡರು. ಇನ್ನೊಂದು ಚಿತ್ರ ಎರಡನೇ ಪಂಕ್ತಿಯದು. ಆ ಎರಡನೇ ಪಂಕ್ತಿಯ ಹೆಸರು ದಿ ಲಯನ್ ಕಿಂಗ್! 1994ರಲ್ಲಿ ಅದು ಜಗತ್ತಿನಾದ್ಯಂತ 70 ಕೋಟಿ ಡಾಲರ್ ದಾಟಿತು. ಮರುವರ್ಷ ಬಂದ ಪೊಕಾಹಾಂಟಸ್ ಅದರ ಅರ್ಧವನ್ನೂ ಮುಟ್ಟಲಿಲ್ಲ.

ಯಾಕೆ ಹೀಗೆ? ಸ್ಟಾರ್‌ಗೆ ಅಭಿಮಾನಿ ಇರ್ತಾನೆ, ಬೆಳಗಿನ ಶೋಗೇ ಬಂದು ಪಟಾಕಿ ಹೊಡೀತಾನೆ. ಸಂಸಾರಸ್ಥ ಹಾಗಲ್ಲ. ನಾಲ್ಕು ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಅಂತ ಕೂಡಿಸಿ ನೋಡ್ತಾನೆ. ಮಕ್ಕಳ ಪರೀಕ್ಷೆ ಮುಗೀಲಿ ಅಂತಾನೆ. ಅಷ್ಟರಲ್ಲಿ ನೋಡಿಬಂದ ಮಗು ಸೋಮವಾರ ಶಾಲೆಯಲ್ಲಿ ಬಾಯಿ ಬಿಟ್ಟಿರುತ್ತೆ. ಸಂಜೆ ಪಕ್ಕದ ಮನೆಯಲ್ಲಿ ಹಠ ಶುರು. 2023ರ ಜೂನ್‌ನಲ್ಲಿ ಪಿಕ್ಸಾರ್‌ನ ಎಲಿಮೆಂಟಲ್ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ ಗಳಿಸಿದ್ದು ಸುಮಾರು 3 ಕೋಟಿ ಡಾಲರ್. ತೋಪು ಅಂತ ಬರೆದು ಮುಗಿಸಿದರು. ಅದೇ ಚಿತ್ರ ಅಲ್ಲಿ ಮೊದಲ ವಾರಾಂತ್ಯದ ಐದು ಪಟ್ಟು ತಂದಿತು. ಜಗತ್ತಿನ ಲೆಕ್ಕ ಸೇರಿಸಿದರೆ 50 ಕೋಟಿ ಡಾಲರ್‌ಗೆ ಸ್ವಲ್ಪವೇ ಕಡಿಮೆ.

ನಮ್ಮ ಮನೆಯ ವಿಷಯಕ್ಕೂ ಬರೋಣ. 2025ರ ಜುಲೈ 25, ಶುಕ್ರವಾರ. ಕೆಜಿಎಫ್, ಕಾಂತಾರ ಕೊಟ್ಟ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ಮಹಾವತಾರ್ ನರಸಿಂಹ ತೆರೆಗೆ ಬಂತು. ತೆರೆ ಮೇಲೆ ಸ್ಟಾರ್ ಇಲ್ಲ. ಕಥೆಯೋ, ಎಲ್ಲರಿಗೂ ಗೊತ್ತಿರೋದೇ. ಅಣ್ಣಾವ್ರ ಹಿರಣ್ಯಕಶಿಪು, ಪುಟ್ಟ ಪುನೀತ್‌ನ ಪ್ರಹ್ಲಾದನನ್ನು 1983ರಲ್ಲೇ ನೋಡಿದ ಊರು ನಮ್ಮದು. ಮೊದಲ ದಿನದ ಗಳಿಕೆ ದೇಶಕ್ಕೆಲ್ಲ ಸೇರಿ 2 ಕೋಟಿ ರೂಪಾಯಿಯನ್ನೂ ಮುಟ್ಟಲಿಲ್ಲ. ಕೊನೆಗೆ ಮುಟ್ಟಿದ್ದು 300 ಕೋಟಿಗೂ ಮೇಲೆ. ದೇವರ ಸಿನಿಮಾ, ಓಡದೆ ಇರುತ್ತಾ ಅಂತ ಆಮೇಲೆ ಹೇಳಿದವರು ಬಹಳ ಜನ. 2005ರ ಹನುಮಾನ್ ಗೆದ್ದ ಮೇಲೂ ಪುರಾಣದ ಕಾರ್ಟೂನ್‌ಗಳು ಬಂದವಲ್ಲ ಸ್ವಾಮಿ, ಯಾವುದು ಇಷ್ಟು ದೂರ ಓಡಿತು?

ಇಲ್ಲಿ ಒಂದು ಅಪಾಯವೂ ಇದೆ. ಶುಕ್ರವಾರದ ಅಂಕಿ ನೋಡಿ ಮಲ್ಟಿಪ್ಲೆಕ್ಸ್‌ನವರು ಸೋಮವಾರಕ್ಕೆ ಶೋ ಕಿತ್ತುಹಾಕಿದರೆ, ಹಠ ಹಿಡಿದ ಮಗುವನ್ನು ಅಪ್ಪ ಎಲ್ಲಿಗೆ ಕರ್ಕೊಂಡು ಹೋಗಬೇಕು? ನರಸಿಂಹನಿಗೆ ಹಾಗಾಗಲಿಲ್ಲ, ಶೋ ಹೆಚ್ಚಿದವು. ಮೊದಲ ವಾರಕ್ಕಿಂತ ಎರಡನೇ ವಾರದ ಕಲೆಕ್ಷನ್ ದೊಡ್ಡದಾಯಿತು. ನಮ್ಮ ಬುಲೆಟಿನ್‌ನಲ್ಲಿ ಮೊದಲ ಶುಕ್ರವಾರ ಆ ಚಿತ್ರಕ್ಕೆ ಸಿಕ್ಕಿದ್ದು ನಲವತ್ತು ಸೆಕೆಂಡು. ಎರಡನೇ ಶುಕ್ರವಾರ ಅರ್ಧ ಗಂಟೆಯ ವಿಶೇಷ ಕಾರ್ಯಕ್ರಮ ಮಾಡಿದೆವು. ಆ ನಲವತ್ತು ಸೆಕೆಂಡಿನ ಮಾತನ್ನು ಚರ್ಚೆಗೆ ಬಂದ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.