ಆಡಿಯೊ ಡ್ರಾಪ್‌ಔಟ್

ಆಡಿಯೊ ಡ್ರಾಪ್‌ಔಟ್ ಎಂದರೆ ಗಣಕಯಂತ್ರದಲ್ಲಿ ಧ್ವನಿಯನ್ನು ಮುದ್ರಿಸುವಾಗ ಅಥವಾ ಕೇಳಿಸುವಾಗ ಅದರ ದತ್ತಾಂಶವು ಸಕಾಲಕ್ಕೆ ಒದಗದೆ ಉಂಟಾಗುವ ಕ್ಷಣಿಕ ಕಡಿತ. ಕೇಳುಗರಿಗೆ ಇದು 'ಟಿಕ್' ಎಂಬ ಸದ್ದಾಗಿ, ಚಟಪಟ ಶಬ್ದವಾಗಿ ಅಥವಾ ಅರೆಗಳಿಗೆಯ ಮೌನವಾಗಿ ಅನುಭವಕ್ಕೆ ಬರುತ್ತದೆ. ಲಿನಕ್ಸ್ ಬಳಕೆದಾರರಲ್ಲಿ ಇದಕ್ಕೆ ಎಕ್ಸ್‌ರನ್ ಎಂಬ ಹೆಸರಿದೆ. ಕ್ಯೂಬೇಸ್, ಏಬಲ್ಟನ್ ಲೈವ್, ರೀಪರ್, ಆರ್ಡರ್ ಮೊದಲಾದ ಧ್ವನಿ ತಂತ್ರಾಂಶಗಳ ಬಳಕೆದಾರರು ಈ ತೊಂದರೆಯನ್ನು ಹೊಸ ಯಂತ್ರಾಂಶ ಅಳವಡಿಸಿದ ನಂತರ ಎದುರಿಸುವುದುಂಟು. ಹಳೆಯ ಯಂತ್ರದಲ್ಲಿ ಸರಾಗವಾಗಿ ನಡೆಯುತ್ತಿದ್ದ ಕೆಲಸವು ಹೆಚ್ಚು ವೇಗದ ಪ್ರೊಸೆಸರ್ ಹಾಗೂ ಮದರ್‌ಬೋರ್ಡ್ ಬಂದ ಮೇಲೆ ತಡವರಿಸುವುದು ವಿಚಿತ್ರವಾಗಿ ಕಂಡರೂ ಅದಕ್ಕೆ ಸ್ಪಷ್ಟ ಕಾರಣಗಳಿವೆ.

ಬಫರ್ ಮತ್ತು ಗಡುವು

ಧ್ವನಿ ತಂತ್ರಾಂಶವು ಧ್ವನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಸಂಸ್ಕರಿಸುತ್ತದೆ. ಒಂದು ಕಂತಿಗೆ ಬಫರ್ ಎಂದು ಹೆಸರು. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ದರದಲ್ಲಿ 128 ಸ್ಯಾಂಪಲ್‌ಗಳ ಬಫರ್ ಸುಮಾರು 2.67 ಮಿಲಿಸೆಕೆಂಡಿಗೆ ಸಾಲುತ್ತದೆ; ಅಷ್ಟರೊಳಗೆ ಮುಂದಿನ ಕಂತು ಸಿದ್ಧವಾಗದಿದ್ದರೆ ಧ್ವನಿ ಕಡಿಯುತ್ತದೆ. ಬಫರನ್ನು 1,024ಕ್ಕೆ ಏರಿಸಿದರೆ ಗಡುವು ಸುಮಾರು 21 ಮಿಲಿಸೆಕೆಂಡಿಗೆ ಹಿಗ್ಗುತ್ತದೆ. ಆದರೆ ವಿಳಂಬವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಗಾಳಿಯಲ್ಲಿ ಧ್ವನಿಯು 10 ಮಿಲಿಸೆಕೆಂಡುಗಳಲ್ಲಿ ಸುಮಾರು 3.4 ಮೀಟರ್ ಸಾಗುತ್ತದೆ. ಹೀಗಾಗಿ ದೊಡ್ಡ ಬಫರ್ ಇಟ್ಟುಕೊಂಡು ಹೆಡ್‌ಫೋನಿನಲ್ಲಿ ತನ್ನದೇ ದನಿ ಕೇಳುತ್ತ ಹಾಡುವ ಗಾಯಕನಿಗೆ ಆ ದನಿ ದೂರದ ಗೋಡೆಯಿಂದ ಮರಳಿ ಬಂದಂತೆ ಅನಿಸಿ ಲಯ ತಪ್ಪಬಹುದು.

ಚಲನಚಿತ್ರದ ಕಡತವೊಂದನ್ನು ಬೇರೊಂದು ರೂಪಕ್ಕೆ ಪರಿವರ್ತಿಸುವಾಗ ಯಂತ್ರವು ಮಧ್ಯೆ ಅರ್ಧ ಸೆಕೆಂಡು ನಿಂತರೂ ಯಾರ ಗಮನಕ್ಕೂ ಬಾರದು. ನೇರ ಧ್ವನಿಗೆ ಆ ಸೌಲಭ್ಯವಿಲ್ಲ. ಇಲ್ಲಿ ಸರಾಸರಿ ವೇಗಕ್ಕಿಂತ ಅತ್ಯಂತ ಕೆಟ್ಟ ಕ್ಷಣದಲ್ಲಿ ಎಷ್ಟು ತಡವಾಯಿತೆಂಬುದೇ ಮುಖ್ಯ. ಪ್ರೊಸೆಸರಿನ ಬಳಕೆ ಶೇಕಡಾ 20ರಷ್ಟೇ ಎಂದು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುತ್ತಿರುವಾಗಲೇ ಧ್ವನಿ ಕಡಿಯುವುದು ಇದರಿಂದಲೇ. ಹೊಸ ಪ್ರೊಸೆಸರ್ ಕೊಂಡವರಿಗೆ ಹೆಚ್ಚು ನಿರಾಸೆ ತರುವ ಸಂಗತಿಯೂ ಇದೇ.

ಯಂತ್ರಾಂಶ ಬದಲಾದಾಗ ಉಂಟಾಗುವ ಕಾರಣಗಳು

ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಡ್ರೈವರ್‌ಗಳಲ್ಲಿ. ವಿಂಡೋಸ್‌ನಲ್ಲಿ ಜಾಲ, ಗ್ರಾಫಿಕ್ಸ್, ಸಂಗ್ರಹಣೆ ಮುಂತಾದ ಸಾಧನಗಳು ಪ್ರೊಸೆಸರಿನ ಗಮನ ಬೇಡಿದಾಗ ತುರ್ತು ಭಾಗವನ್ನು ಒಡನೆ ಮುಗಿಸಿ, ಉಳಿದುದನ್ನು ಡಿಪಿಸಿ ಎಂಬ ಸರದಿಗೆ ಸೇರಿಸಲಾಗುತ್ತದೆ. ಈ ಸರದಿಯ ಕೆಲಸಗಳಿಗೆ ಧ್ವನಿ ತಂತ್ರಾಂಶಕ್ಕಿಂತ ಹೆಚ್ಚಿನ ಆದ್ಯತೆ ಇದೆ. ಯಾವುದೋ ವೈಫೈ ಡ್ರೈವರ್ ಅಲ್ಲಿ ಕೆಲವು ಮಿಲಿಸೆಕೆಂಡು ಹೆಚ್ಚು ಹೊತ್ತು ಕುಳಿತರೆ ಆ ಪ್ರೊಸೆಸರ್ ಕೋರ್‌ನಲ್ಲಿ ಧ್ವನಿಯ ಕೆಲಸ ಕಾಯಲೇಬೇಕು. ಮದರ್‌ಬೋರ್ಡ್ ಬದಲಿಸಿದಾಗ ಇಂತಹ ಹಲವು ಡ್ರೈವರ್‌ಗಳು ಒಟ್ಟಿಗೆ ಬದಲಾಗುತ್ತವೆ. ಹಳೆಯ ಡಿಸ್ಕನ್ನೇ ಹೊಸ ಬೋರ್ಡಿಗೆ ಜೋಡಿಸಿದ್ದರೆ ಹಿಂದಿನ ಡ್ರೈವರ್‌ಗಳೂ ವ್ಯವಸ್ಥೆಯಲ್ಲಿ ಉಳಿದಿರುತ್ತವೆ.

ವಿದ್ಯುತ್ ಉಳಿತಾಯದ ವ್ಯವಸ್ಥೆ ಎರಡನೆಯ ಕಾರಣ. ಆಧುನಿಕ ಪ್ರೊಸೆಸರ್‌ಗಳು ಬಿಡುವು ಸಿಕ್ಕೊಡನೆ ನಿದ್ರಾಸ್ಥಿತಿಗೆ ಜಾರುತ್ತವೆ. ಎಚ್ಚರಗೊಂಡು ಪೂರ್ಣ ವೇಗ ತಲುಪಲು ಅಲ್ಪಕಾಲ ಬೇಕು. ಇಂಟೆಲ್ ಸಂಸ್ಥೆಯ 12ನೆಯ ಪೀಳಿಗೆಯ (2021) ಪ್ರೊಸೆಸರ್‌ಗಳಿಂದೀಚೆಗೆ ವೇಗದ ಕೋರ್‌ಗಳ ಜೊತೆ ಮಿತವ್ಯಯದ ಕೋರ್‌ಗಳೂ ಸಾಮಾನ್ಯವಾಗಿದ್ದು, ಧ್ವನಿಯ ಕೆಲಸವು ನಿಧಾನದ ಕೋರ್‌ಗೆ ಹೋದರೆ ಗಡುವು ತಪ್ಪಬಹುದು. ಕೋರ್‌ಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಎಲ್ಲವೂ ಹಗುರವಾಗುವುದಿಲ್ಲ. ಒಂದೇ ಟ್ರ್ಯಾಕಿನ ಮೇಲೆ ಸಾಲಾಗಿ ಹಾಕಿದ ಪ್ಲಗ್‌ಇನ್‌ಗಳಲ್ಲಿ ಒಂದು ಮುಗಿಯದೆ ಇನ್ನೊಂದು ಆರಂಭವಾಗದ ಕಾರಣ ಅವುಗಳ ಹೊರೆ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಬೀಳುತ್ತದೆ.

ದೋಷ ಮದರ್‌ಬೋರ್ಡಿನ ಒಳಗೇ ಇದ್ದ ಉದಾಹರಣೆಗಳೂ ಇವೆ. 500 ಸರಣಿಯ ಚಿಪ್‌ಸೆಟ್‌ಗಳಲ್ಲಿ ಯುಎಸ್‌ಬಿ ಸಂಪರ್ಕ ಆಗಾಗ ಕಡಿಯುವುದನ್ನು ಎಎಂಡಿ ಸಂಸ್ಥೆ 2021ರಲ್ಲಿ ಒಪ್ಪಿಕೊಂಡು ಬಯಾಸ್ ಪರಿಷ್ಕರಣೆ ಒದಗಿಸಿತು. ಯುಎಸ್‌ಬಿ ಧ್ವನಿ ಸಾಧನಗಳಲ್ಲಿನ ಚಟಪಟ ಸದ್ದು ಅದರ ಲಕ್ಷಣಗಳಲ್ಲೊಂದು. 2022ರಲ್ಲಿ ಇನ್ನೊಂದು ದೋಷ ಬೆಳಕಿಗೆ ಬಂತು. ಕೆಲವು ರೈಜನ್ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂಬ ಭದ್ರತಾ ಸೌಲಭ್ಯವು ಮದರ್‌ಬೋರ್ಡಿನ ಫ್ಲ್ಯಾಶ್ ಸ್ಮರಣೆಯೊಡನೆ ವ್ಯವಹರಿಸುವಾಗ ಇಡೀ ವ್ಯವಸ್ಥೆ ಕ್ಷಣಕಾಲ ಸ್ತಬ್ಧವಾಗುತ್ತಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅಗತ್ಯವಾದ್ದರಿಂದ, ಹಿಂದೆ ಈ ಸೌಲಭ್ಯವನ್ನು ಮುಟ್ಟದಿದ್ದವರೂ ಅದನ್ನು ಚಾಲೂ ಮಾಡಬೇಕಾಗಿ ಬಂದಿತ್ತು. ಇಂತಹ ದೋಷಕ್ಕೆ ಧ್ವನಿ ತಂತ್ರಾಂಶದಲ್ಲಿ ಎಷ್ಟು ಹುಡುಕಿದರೂ ಪರಿಹಾರ ಸಿಗದು.

ಪತ್ತೆ

ಮೊದಲು ನೋಡಬೇಕಾದದ್ದು ತಂತ್ರಾಂಶವು ಯಾವ ಸಾಧನವನ್ನು ಬಳಸುತ್ತಿದೆ ಎಂಬುದನ್ನು. ಹೊಸ ಗ್ರಾಫಿಕ್ಸ್ ಕಾರ್ಡ್ ತನ್ನದೇ ಎಚ್‌ಡಿಎಂಐ ಧ್ವನಿ ಸಾಧನವನ್ನು ಪಟ್ಟಿಗೆ ಸೇರಿಸುತ್ತದೆ. ವಿಂಡೋಸ್ ಅದನ್ನೇ ಮುಖ್ಯ ಸಾಧನವೆಂದು ಹಿಡಿಯಬಹುದು. ಆಡಿಯೊ ಇಂಟರ್ಫೇಸ್ ಇದ್ದರೆ ಅದರ ತಯಾರಕರದೇ ಎಎಸ್‌ಐಒ ಡ್ರೈವರ್ ಆಯ್ಕೆಯಾಗಿರಬೇಕು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ರೂಪಿಸಿದ ಈ ಮಾನಕವು ವಿಂಡೋಸ್‌ನ ಸಾಮಾನ್ಯ ಧ್ವನಿಮಾರ್ಗವನ್ನು ಬಳಸದೆ ಸಾಧನದೊಡನೆ ವ್ಯವಹರಿಸುತ್ತದೆ. ಸ್ಯಾಂಪಲ್ ದರವು ತಂತ್ರಾಂಶ ಮತ್ತು ಸಾಧನ ಎರಡರಲ್ಲೂ ಒಂದೇ ಆಗಿರಬೇಕು.

ಬಳಿಕ ಬಫರನ್ನು 1,024ಕ್ಕೆ ಏರಿಸಿ ಕೇಳುವುದು ಸರಳವೂ ಉಪಯುಕ್ತವೂ ಆದ ಪರೀಕ್ಷೆ. ಸದ್ದು ಪೂರ್ತಿ ನಿಂತರೆ ಹೊರೆ ಅಥವಾ ಕಿರು ವಿಳಂಬಗಳು ಕಾರಣವಾಗಿರುವ ಸಂಭವ ಹೆಚ್ಚು. ಏನೂ ವ್ಯತ್ಯಾಸವಾಗದೆ ಮೊದಲಿನಂತೆಯೇ ಆಗೊಮ್ಮೆ ಈಗೊಮ್ಮೆ ಕಡಿಯುತ್ತಿದ್ದರೆ ದೀರ್ಘ ಸ್ತಬ್ಧತೆಯನ್ನೋ ಯುಎಸ್‌ಬಿ ಸಂಪರ್ಕವನ್ನೋ ಶಂಕಿಸಬೇಕಾಗುತ್ತದೆ. ಡಿಪಿಸಿ ವಿಳಂಬವನ್ನು ಅಳೆಯಲು ಲೇಟೆನ್ಸಿಮಾನ್ ಎಂಬ ತಂತ್ರಾಂಶ ಬಳಕೆಯಲ್ಲಿದೆ. ಅದು ಅತಿ ಹೆಚ್ಚು ಹೊತ್ತು ತೆಗೆದುಕೊಂಡ ಡ್ರೈವರ್ ಕಡತವನ್ನು ಹೆಸರಿಸುತ್ತದೆಯಾದರೂ ಆ ಹೆಸರನ್ನು ಎಚ್ಚರದಿಂದ ಓದಬೇಕು. ಜಾಲ ಮತ್ತು ಗ್ರಾಫಿಕ್ಸ್‌ಗೆ ಸಂಬಂಧಿಸಿದಂತೆ ಅದು ಅನೇಕ ವೇಳೆ ವಿಂಡೋಸ್‌ನದೇ ಮಧ್ಯವರ್ತಿ ಕಡತವನ್ನು ತೋರಿಸುತ್ತದೆ. ನಿಜವಾದ ದೋಷ ಅದರ ಕೆಳಗಿರುವ ತಯಾರಕರ ಡ್ರೈವರ್‌ನಲ್ಲಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈಯನ್ನು ಕೆಲಕಾಲ ನಿಷ್ಕ್ರಿಯಗೊಳಿಸಿ ಮತ್ತೆ ಅಳೆದರೆ ಸಂಶಯ ಬೇಗ ಪರಿಹಾರವಾಗುತ್ತದೆ.

ಪರಿಹಾರ

ಬಯಾಸ್, ಚಿಪ್‌ಸೆಟ್ ಡ್ರೈವರ್ ಹಾಗೂ ಇಂಟರ್ಫೇಸಿನ ಡ್ರೈವರ್‌ಗಳನ್ನು ಆಯಾ ತಯಾರಕರಿಂದಲೇ ಪಡೆದು ನವೀಕರಿಸುವುದು ಮೊದಲ ಹೆಜ್ಜೆ. ವಿಂಡೋಸ್‌ನ ವಿದ್ಯುತ್ ಯೋಜನೆಯನ್ನು ಹೆಚ್ಚಿನ ಕಾರ್ಯಕ್ಷಮತೆಗೆ ಬದಲಿಸಿ, ಯುಎಸ್‌ಬಿ ಪೋರ್ಟ್‌ಗಳು ತಾವಾಗಿ ನಿದ್ರೆಗೆ ಹೋಗದಂತೆ ತಡೆಯಲಾಗುತ್ತದೆ. ಇಂಟರ್ಫೇಸನ್ನು ಹಬ್ ಮೂಲಕ ಜೋಡಿಸುವ ಬದಲು ಮದರ್‌ಬೋರ್ಡಿನ ಹಿಂಬದಿಯ ಪೋರ್ಟ್‌ಗೆ ನೇರವಾಗಿ ಜೋಡಿಸುವುದು ಒಳಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಹಳೆಯ ಡಿಸ್ಕನ್ನೇ ತಂದಿದ್ದರೆ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಸ್ಥಾಪಿಸುವುದು ಬೇಸರದ ಕೆಲಸವಾದರೂ ಅನೇಕ ಬಾರಿ ಅದೇ ಹತ್ತಿರದ ದಾರಿ. ಕೆಲವು ಪ್ಲಗ್‌ಇನ್‌ಗಳ ಪರವಾನಗಿ ಯಂತ್ರಕ್ಕೆ ಕಟ್ಟುಬಿದ್ದಿರುವುದರಿಂದ, ಬೋರ್ಡ್ ಬದಲಿಸುವ ಮುನ್ನವೇ ಹಳೆಯ ಯಂತ್ರದಲ್ಲಿ ಅದನ್ನು ಬಿಡುಗಡೆ ಮಾಡಿಕೊಳ್ಳುವುದು ಕ್ಷೇಮ. ಹೊರೆಯೇ ಕಾರಣವಾಗಿದ್ದಲ್ಲಿ ಮುದ್ರಣದ ವೇಳೆ ಸಣ್ಣ ಬಫರ್, ಮಿಶ್ರಣದ ವೇಳೆ ದೊಡ್ಡ ಬಫರ್ ಇಡುವುದು ರೂಢಿ.

ಇತರ ಆಪರೇಟಿಂಗ್ ಸಿಸ್ಟಮ್‌ಗಳು

2020ರಲ್ಲಿ ಆಪಲ್ ಸಂಸ್ಥೆ ಎಂ1 ಚಿಪ್ ತಂದ ಬಳಿಕ, ಇಂಟೆಲ್‌ಗಾಗಿ ಬರೆದ ಪ್ಲಗ್‌ಇನ್‌ಗಳು ಹೊಸ ಮ್ಯಾಕ್‌ಗಳಲ್ಲಿ ರೊಸೆಟ್ಟಾ 2 ಎಂಬ ಅನುವಾದ ಪದರದ ಮೂಲಕ ಓಡುತ್ತವೆ. ಇದರಿಂದ ಹೊರೆ ಹೆಚ್ಚುವುದುಂಟು. ಲಿನಕ್ಸ್‌ನಲ್ಲಿ ಧ್ವನಿ ತಂತ್ರಾಂಶಕ್ಕೆ ನೈಜಕಾಲದ ಆದ್ಯತೆ ಪಡೆಯುವ ಅನುಮತಿ ಬಳಕೆದಾರನ ಖಾತೆಗೆ ಇರಬೇಕು. ಬಹುಕಾಲ ಪ್ರತ್ಯೇಕವಾಗಿ ಬೆಳೆದ ಪ್ರಿಯೆಂಪ್ಟ್ ಆರ್‌ಟಿ ಎಂಬ ನೈಜಕಾಲ ಸೌಲಭ್ಯವು 2024ರಲ್ಲಿ ಬಿಡುಗಡೆಯಾದ 6.12ನೆಯ ಆವೃತ್ತಿಯಲ್ಲಿ ಮುಖ್ಯ ಕರ್ನೆಲ್‌ನ ಭಾಗವಾಯಿತು.

ಡ್ರಾಪ್‌ಔಟ್ ಅಲ್ಲದ ಸದ್ದುಗಳು

ನಿರಂತರವಾದ ಗುಂಯ್‌ಗುಡುವಿಕೆ, ಮೌಸ್ ಸರಿಸಿದಾಗ ಅಥವಾ ಗ್ರಾಫಿಕ್ಸ್ ಕಾರ್ಡ್ ದುಡಿದಾಗ ಏರುವ ಕೀಚಲು ಸದ್ದು ಡ್ರಾಪ್‌ಔಟ್‌ಗಳಲ್ಲ. ಅವು ಅರ್ಥಿಂಗ್ ಅಥವಾ ವಿದ್ಯುತ್ ಪೂರೈಕೆಯ ಮೂಲಕ ಅನಲಾಗ್ ಮಾರ್ಗಕ್ಕೆ ನುಸುಳುವ ಗದ್ದಲ. ಹೊಸ ಪವರ್ ಸಪ್ಲೈ ಅಥವಾ ಗ್ರಾಫಿಕ್ಸ್ ಕಾರ್ಡ್ ಬಂದಾಗ ಇವೂ ಮೊದಲ ಬಾರಿಗೆ ಕಾಣಿಸಿಕೊಳ್ಳಬಹುದು. ಅವು ಬಫರ್ ಬದಲಿಸಿದರೆ ಹೋಗುವುದಿಲ್ಲ.